ಹಾಸನದಲ್ಲಿ ಚೈನೀಸ್ ಬಫೆಗೆ ಹೋಗುವವರಿಗೆ: ಫೋನ್ ಮಾಡುವುದರಿಂದ ಬಿಲ್ ಕಟ್ಟುವವರೆಗೆ

ಹಾಸನದಲ್ಲಿ ಚೈನೀಸ್ ಅಂದರೆ ಜಾಸ್ತಿ ಜನಕ್ಕೆ ಸಂಜೆ ಗಾಡಿ ಮುಂದೆ ನಿಂತು ತಿನ್ನುವ ಗೋಬಿ, ಫ್ರೈಡ್ ರೈಸ್. ಹೋಟೆಲಿಗೆ ಹೋಗಿ ಕೂತು, ಮೆನು ಕಾರ್ಡನ್ನು ಹಿಂದೆ ಮುಂದೆ ತಿರುವಿ ಹಾಕಿದರೂ ಕೊನೆಗೆ ಹೇಳುವುದು ಅದನ್ನೇ. ಗೊತ್ತಿಲ್ಲದ್ದನ್ನು ತರಿಸಿ, ಅದು ಬಾಯಿಗೆ ಹಿಡಿಸದಿದ್ದರೆ ದುಡ್ಡು ದಂಡ ಅಲ್ವಾ ಅನ್ನುವ ಹಿಂಜರಿಕೆ. ಒಬ್ಬರಿಗೆ ಇಷ್ಟು ಅಂತ ದುಡ್ಡು ಕೊಟ್ಟು, ಸಾಲಾಗಿ ಇಟ್ಟದ್ದರಲ್ಲಿ ಬೇಕಾದ್ದನ್ನು ನಾವೇ ಹಾಕಿಕೊಂಡು ತಿನ್ನುವ ಬಫೆಯಲ್ಲಿ ಈ ಹಿಂಜರಿಕೆ ಬೇಕಾಗಿಲ್ಲ. ಒಂದು ಚಮಚ ಹಾಕಿಕೊಳ್ಳಿ, ರುಚಿ ನೋಡಿ, ಹಿಡಿಸಿದರೆ ಮತ್ತೆ ಹೋಗಿ. ಬಫೆಗೆ ಹೋಗಲು ನನಗೆ ಕಾಣುವ ದೊಡ್ಡ ಕಾರಣ ಇದು. ಕೊಟ್ಟ ದುಡ್ಡು ವಸೂಲಾಗಲಿ ಅಂತ ಹೊಟ್ಟೆ ಬಿರಿಯುವಂತೆ ತಿಂದವರಿಗೆ ಮೊದಲ ಎರಡು ಐಟಂ ಬಿಟ್ಟರೆ ಬೇರೆ ಯಾವುದರ ರುಚಿಯೂ ನೆನಪಿರುವುದಿಲ್ಲ.

ಮನೆಮಂದಿ ಜೊತೆ ಮೊದಲ ಸಲ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಿಗೂ ಇದೇ ಲೆಕ್ಕ ನಡೆಯುತ್ತದೆ.

ಹೊರಡುವ ಮುಂಚೆ ಫೋನ್ ಮಾಡಿ

ನಮ್ಮಂಥ ಊರಿನ ಹೋಟೆಲುಗಳಲ್ಲಿ ಬಫೆ ದಿನಾ ಇರುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಕೆಲವು ಕಡೆ ಭಾನುವಾರ ಮಾತ್ರ, ಕೆಲವು ಕಡೆ ಇಷ್ಟು ಜನ ಬುಕ್ ಮಾಡಿದರೆ ಮಾತ್ರ. ಇನ್ನು ಕೆಲವು ಕಡೆ ಚೈನೀಸ್ ಬಫೆ ಅಂತ ಬೋರ್ಡ್ ಇರುತ್ತದೆ, ಒಳಗೆ ಹೋದರೆ ನಾಲ್ಕು ಚೈನೀಸ್ ಐಟಂ, ಉಳಿದದ್ದೆಲ್ಲ ಪನೀರ್ ಬಟರ್ ಮಸಾಲ, ಬಿರಿಯಾನಿ. ಅದು ತಪ್ಪಲ್ಲ, ಆದರೆ ನೀವು ಬಂದದ್ದು ಅದಕ್ಕಲ್ಲವಲ್ಲ.

ಫೋನಿನಲ್ಲಿ ಕೇಳಬೇಕಾದದ್ದು ಇಷ್ಟು. ಇವತ್ತು ಬಫೆ ಇದೆಯಾ, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯುತ್ತದೆ? ಒಬ್ಬರಿಗೆ ಎಷ್ಟು, ಅದರಲ್ಲಿ ಜಿಎಸ್‌ಟಿ ಸೇರಿದೆಯಾ? ಮಕ್ಕಳಿಗೆ ಎಷ್ಟು, ಎಷ್ಟು ವಯಸ್ಸಿನವರೆಗೆ ಫ್ರೀ? ಸೂಪ್, ಸ್ಟಾರ್ಟರ್, ಐಸ್‌ಕ್ರೀಮ್ ಎಲ್ಲಾ ಸೇರಿದೆಯಾ? ಕಣ್ಣೆದುರೇ ನೂಡಲ್ಸ್ ಮಾಡಿಕೊಡುವ ಲೈವ್ ಕೌಂಟರ್ ಇದೆಯಾ? ಈ ಕೊನೆಯ ಪ್ರಶ್ನೆಗೆ ಹೌದು ಅಂದರೆ, ರೇಟು ಸ್ವಲ್ಪ ಜಾಸ್ತಿಯಾದರೂ ನಾನು ಅಲ್ಲಿಗೇ ಹೋಗಿ ಅನ್ನುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆದಾಗ ಊರಿನ ಯಾವ ಹೋಟೆಲಲ್ಲೂ ನೆಮ್ಮದಿಯಾಗಿ ಕೂತು ಊಟ ಮಾಡುವುದು ಕಷ್ಟ. ವಾರದ ಕೊನೆಯಲ್ಲೂ ಹಾಗೇ, ಬೇಲೂರು, ಹಳೇಬೀಡು ನೋಡಲು ಬರುವವರ ಗುಂಪುಗಳು ಒಟ್ಟಿಗೆ ಬಂದು ಇಳಿಯುತ್ತವೆ. 2023ರಲ್ಲಿ ಆ ದೇವಸ್ಥಾನಗಳು ಯುನೆಸ್ಕೋ ಪಟ್ಟಿಗೆ ಸೇರಿವೆ. ಅಂಥ ದಿನ ಟೇಬಲ್ ಮೊದಲೇ ಹೇಳಿಟ್ಟಿರಿ.

ಯಾವ ಹೊತ್ತಿಗೆ ಹೋಗಬೇಕು

ಶುರುವಾದ ಮೊದಲ ಅರ್ಧ ಗಂಟೆಯೊಳಗೆ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಚೈನೀಸ್ ಅಡುಗೆಯ ಗುಣವೇ ಹಾಗೆ. ದೊಡ್ಡ ಉರಿ, ತೆಳು ಬಾಣಲೆ, ಎರಡು ಮೂರು ನಿಮಿಷದ ಕೈಚಳಕ, ತಕ್ಷಣ ತಟ್ಟೆಗೆ. ಸಾರು, ಹುಳಿ, ಪಲಾವ್ ಒಂದು ಗಂಟೆ ಕೂತರೆ ಕೆಡುವುದಿಲ್ಲ. ಕೆಲವು ಸಲ ರುಚಿ ಏರುತ್ತದೆ ಕೂಡ. ಗೋಬಿಗೆ ಆ ಭಾಗ್ಯ ಇಲ್ಲ. ಮುಚ್ಚಳದ ಕೆಳಗೆ ಹಬೆ ಕೂತು, ಮೇಲಿನ ಗರಿಗರಿ ಹಿಟ್ಟು ನೀರು ಕುಡಿದು, ಹತ್ತು ಹದಿನೈದು ನಿಮಿಷದಲ್ಲಿ ಮೆತ್ತಗಾಗುತ್ತದೆ. ನೂಡಲ್ಸಿನ ಪಿಷ್ಟ ಆರುತ್ತಾ ಬಂದಂತೆ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಸ್ಪ್ರಿಂಗ್ ರೋಲ್ ಹೊರಗೆ ರಬ್ಬರ್, ಒಳಗೆ ತಣ್ಣಗೆ.

ಆದ್ದರಿಂದ ಪಾತ್ರೆಯಲ್ಲಿ ಏನಿದೆ ಅನ್ನುವುದರಷ್ಟೇ ಅದು ಯಾವಾಗ ಬಂತು ಅನ್ನುವುದೂ ಮುಖ್ಯ. ಒಳಗಿನಿಂದ ಹೊಸ ಪಾತ್ರೆ ಹಿಡಿದು ಹುಡುಗ ಬರುವುದನ್ನು ಕೂತಲ್ಲಿಂದಲೇ ಗಮನಿಸಿ. ಬಂದ ಮೇಲೆ ಏಳಿ. ಗೊತ್ತಾಗದಿದ್ದರೆ ಕೇಳಿ: "ಅಣ್ಣಾ, ಇದು ಈಗ ತಂದಿದ್ದಾ, ಇನ್ನೊಂದು ಬರುತ್ತಾ?" ಸಂಕೋಚ ಪಡುವ ಮಾತೇ ಇಲ್ಲ ಇದರಲ್ಲಿ. ತಳದಲ್ಲಿ ನಾಲ್ಕು ತುಂಡು ಉಳಿದಿರುವ ಪಾತ್ರೆಗೆ ಕೈ ಹಾಕುವುದಕ್ಕಿಂತ ಐದು ನಿಮಿಷ ಕಾಯುವುದು ಒಳ್ಳೆಯದು.

ತಟ್ಟೆ ಇಲ್ಲದೆ ಒಂದು ಸುತ್ತು

ಕೂತ ಕೂಡಲೇ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಡಿ. ಬರಿಗೈಯಲ್ಲಿ ಈ ತುದಿಯಿಂದ ಆ ತುದಿವರೆಗೆ ನಡೆದು ಬನ್ನಿ. ಮುಚ್ಚಳ ತೆಗೆದು ನೋಡಿ, ಹೆಸರಿನ ಚೀಟಿ ಓದಿ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಈ ಸುತ್ತಿನಲ್ಲಿ ಮೂರು ವಿಷಯ ನೋಡಿಕೊಳ್ಳಬೇಕು. ಮೊದಲನೆಯದು ಬಿಸಿ. ಸ್ಟೀಲ್ ಪಾತ್ರೆಯ ಕೆಳಗೆ ಬಿಸಿನೀರಿನ ತಟ್ಟೆ, ಅದರ ಕೆಳಗೆ ಸಣ್ಣ ಉರಿ ಇರುತ್ತದೆ. ಉರಿ ಆರಿದ್ದರೆ ಅಡುಗೆ ಉಗುರು ಬೆಚ್ಚಗಾಗುತ್ತದೆ, ರೋಗಾಣುಗಳು ಬೆಳೆಯಲು ಅದೇ ಹದ. ಬಿಸಿ ಆಹಾರ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ. ಥರ್ಮಾಮೀಟರ್ ಹಿಡಿದು ಹೋಗಲಾಗುವುದಿಲ್ಲ. ಮುಚ್ಚಳ ತೆಗೆದಾಗ ಮುಖಕ್ಕೆ ಹಬೆ ಬಡಿಯಿತಾ ನೋಡಿ, ಅಷ್ಟು ಸಾಕು.

ಫ್ರೈಡ್ ರೈಸ್ ವಿಷಯದಲ್ಲಿ ಮಾತ್ರ ಇನ್ನೂ ಹುಷಾರಾಗಿರಿ. ಉದುರುದುರಾಗಲಿ ಅಂತ ಅನ್ನವನ್ನು ಮೊದಲೇ ಮಾಡಿ ಆರಿಸಿಟ್ಟುಕೊಂಡಿರುತ್ತಾರೆ. ಅದನ್ನು ಬೇಗ ತಣ್ಣಗೆ ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದರೆ ತೊಂದರೆ ಇಲ್ಲ. ಹೊರಗೇ ಬಿಟ್ಟಿದ್ದರೆ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಬಿಡುವ ಒಂದು ವಿಷ ಆಮೇಲೆ ಬಾಣಲೆಯಲ್ಲಿ ಹುರಿದರೂ ಹೋಗುವುದಿಲ್ಲ. ಬಿಸಿ ಇಲ್ಲದ, ಹುಳಿ ವಾಸನೆ ಬರುವ ಫ್ರೈಡ್ ರೈಸನ್ನು ಹಾಗೇ ಬಿಟ್ಟುಬಿಡಿ.

ಎರಡನೆಯದು ಬಣ್ಣ. ಸೋಯಾ ಸಾಸ್, ಮೆಣಸಿನಕಾಯಿ ಹಾಕಿದ ಮಂಚೂರಿ ಕಂದು ಬಣ್ಣಕ್ಕೆ ಬರುತ್ತದೆ, ಹೆಚ್ಚೆಂದರೆ ಮಾಸಲು ಕೆಂಪು. ದಾಸವಾಳದ ಹಾಗೆ ಕೆಂಪಗಿದ್ದು, ತಿಂದ ಮೇಲೆ ಬೆರಳಿಗೆ ಹತ್ತಿದ ಬಣ್ಣ ಸೋಪು ಹಾಕಿದರೂ ಹೋಗದಿದ್ದರೆ ಅದು ಮೆಣಸಿನಕಾಯಿಯದಲ್ಲ. 2024ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೂ ಮುಂಚೆ ಪರೀಕ್ಷೆಗೆ ತೆಗೆದುಕೊಂಡಿದ್ದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಸುರಕ್ಷಿತವಲ್ಲದ ಬಣ್ಣ ಸಿಕ್ಕಿತ್ತು. ಅದೇ ವರ್ಷ ಜೂನಿನಲ್ಲಿ ಕಬಾಬಿಗೆ ಬಣ್ಣ ಹಾಕುವುದಕ್ಕೂ ನಿಷೇಧ ಬಂತು. ಬ್ಯಾಡಗಿ ಮೆಣಸಿನಕಾಯಿಯಂಥ ಬಣ್ಣದ ಕಾಯಿ ನಮ್ಮಲ್ಲೇ ಬೆಳೆಯುವಾಗ, ಖಾರ ಏರದೆ ಕೆಂಪು ಬರುವಾಗ, ಬಟ್ಟೆಗೆ ಹಾಕುವ ರೋಡಮೈನ್ ಬಿ ಯಾಕೆ ಬೇಕು? ಮಕ್ಕಳು ತಿನ್ನುವ ಪದಾರ್ಥ ಇದು. ಬಣ್ಣ ಅನುಮಾನ ಬಂದರೆ ಮ್ಯಾನೇಜರನ್ನು ಕರೆದು ನೇರವಾಗಿ ಕೇಳಿ.

ಮೂರನೆಯದು ವೆಜ್, ನಾನ್‌ವೆಜ್ ಸಾಲು. ಎರಡಕ್ಕೂ ಬೇರೆ ಬೇರೆ ಟೇಬಲ್ ಇದ್ದರೆ ನೆಮ್ಮದಿ. ಒಂದೇ ಸಾಲಿನಲ್ಲಿ ಅಕ್ಕಪಕ್ಕ ಇದ್ದರೆ ಸೌಟುಗಳು ಅದಲು ಬದಲಾಗುತ್ತವೆ. ಮನೆಯಲ್ಲಿ ಪೂರ್ತಿ ಸಸ್ಯಾಹಾರಿಗಳಿದ್ದರೆ, ಸೋಮವಾರ ಶನಿವಾರ ಮುಟ್ಟದವರಿದ್ದರೆ, ಶ್ರಾವಣ ಹಿಡಿಯುವವರಿದ್ದರೆ ಅವರನ್ನು ಎಲ್ಲರಿಗಿಂತ ಮೊದಲೇ ಕಳಿಸಿಬಿಡಿ. ಇನ್ನೆರಡು ಪ್ರಶ್ನೆ ಕೇಳಲು ಮರೆಯಬೇಡಿ. ವೆಜ್ ನೂಡಲ್ಸ್ ಮೊಟ್ಟೆ ಹಾಕಿದ ನೂಡಲ್ಸಾ? ವೆಜ್ ಗ್ರೇವಿಗೆ ಆಯ್ಸ್ಟರ್ ಸಾಸ್ ಹಾಕಿದ್ದೀರಾ? ಆಯ್ಸ್ಟರ್ ಸಾಸ್ ಸಮುದ್ರದ ಸಿಂಪಿಯಿಂದ ಮಾಡುವುದು, ಅಣಬೆಯಿಂದ ಮಾಡಿದ ವೆಜ್ ಸಾಸೂ ಸಿಗುತ್ತದೆ. ಬಾಣಲೆ ಒಂದೇನಾ ಬೇರೆಯಾ ಅನ್ನುವುದನ್ನೂ ಕೇಳಬಹುದು. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಮಾತ್ರ ಚೈನೀಸ್ ಬಫೆಯಲ್ಲಿ ಹೆಚ್ಚು ಸಿಗುವುದಿಲ್ಲ, ಹಿರಿಯರನ್ನು ಒತ್ತಾಯ ಮಾಡಿ ಕರೆದುಕೊಂಡು ಹೋಗಿ ಬರೀ ಐಸ್‌ಕ್ರೀಮ್ ತಿನ್ನಿಸಬೇಡಿ.

ಸೂಪ್

ಅರ್ಧ ಬಟ್ಟಲು ಸಾಕು. ಸ್ವೀಟ್ ಕಾರ್ನ್, ಹಾಟ್ ಅಂಡ್ ಸೋರ್, ಮಂಚಾವ್ ಎಲ್ಲಕ್ಕೂ ಕಾರ್ನ್‌ಫ್ಲೋರ್ ಹಾಕಿ ಗಟ್ಟಿ ಮಾಡಿರುತ್ತಾರೆ, ಬೇಗ ಹೊಟ್ಟೆ ತುಂಬುತ್ತದೆ. ಮಂಚಾವ್ ತೆಗೆದುಕೊಂಡರೆ ಕರಿದ ನೂಡಲ್ಸನ್ನು ಬಟ್ಟಲಿಗೆ ಒಮ್ಮೆಲೇ ಸುರಿಯಬೇಡಿ, ಸ್ವಲ್ಪ ಸ್ವಲ್ಪ ಉದುರಿಸಿಕೊಳ್ಳಿ. ಲೆಮನ್ ಕೊರಿಯಾಂಡರ್ ತಿಳಿ ಸೂಪ್ ಇದ್ದರೆ ಅದನ್ನೇ ತೆಗೆದುಕೊಳ್ಳಿ, ನಾಲಿಗೆ ಚುರುಕಾಗುತ್ತದೆ.

ಸ್ಟಾರ್ಟರ್: ಒಂದೊಂದರಲ್ಲಿ ಎರಡೇ ತುಂಡು

ದುಡ್ಡು ಕೊಟ್ಟಿದ್ದು ಸಾರ್ಥಕ ಆಗುವುದೂ, ವ್ಯರ್ಥ ಆಗುವುದೂ ಇಲ್ಲೇ. ಗೋಬಿ ಕಂಡ ಕೂಡಲೇ ತಟ್ಟೆ ತುಂಬಾ ಹಾಕಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಗೋಬಿ ನಾಳೆಯೂ ಸಿಗುತ್ತದೆ, ಬೀದಿ ಬೀದಿಯಲ್ಲಿ ಸಿಗುತ್ತದೆ. ಇವತ್ತು ಅದರಲ್ಲಿ ಒಂದೋ ಎರಡೋ ತುಂಡು ಸಾಕು. ಬೇಬಿ ಕಾರ್ನ್, ಹನಿ ಚಿಲ್ಲಿ ಪೊಟೇಟೊ, ಸಾಲ್ಟ್ ಅಂಡ್ ಪೆಪ್ಪರ್ ತರಕಾರಿ, ಡ್ರ್ಯಾಗನ್ ಚಿಕನ್, ಪೆಪ್ಪರ್ ಪ್ರಾನ್ಸ್, ಇವುಗಳಲ್ಲಿ ನೀವು ಯಾವತ್ತೂ ಆರ್ಡರ್ ಮಾಡಿರದ್ದನ್ನು ಮೊದಲು ಹಾಕಿಕೊಳ್ಳಿ. ಆಲೂಗಡ್ಡೆ ಬೆಳೆಯುವ ಜಿಲ್ಲೆಯವರು ನಾವು, ಅದನ್ನು ಜೇನುತುಪ್ಪ, ಎಳ್ಳು, ಮೆಣಸಿನಕಾಯಿಯ ಜೊತೆ ಹೇಗೆ ಮಾಡುತ್ತಾರೆ ಅಂತ ಒಮ್ಮೆ ನೋಡಲೇಬೇಕು.

ತೆಳು ಹಿಟ್ಟಿನೊಳಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಡಿಮ್ ಸಮ್ ಅಥವಾ ಮೋಮೊ ಇದ್ದರೆ ಎಣ್ಣೆಯಲ್ಲಿ ಕರಿದದ್ದಕ್ಕಿಂತ ಮುಂಚೆ ಅದನ್ನು ತಿನ್ನಿ. ಕರಿದದ್ದು ತಿಂದ ನಾಲಿಗೆಗೆ ಇದರ ಮೆತ್ತನೆ ರುಚಿ ಗೊತ್ತಾಗುವುದಿಲ್ಲ. ಅಂದ ಹಾಗೆ ಮೋಮೊ ಟಿಬೆಟ್, ನೇಪಾಳದ ಕಡೆಯದು. ಬೈಲುಕುಪ್ಪೆಗೆ ಹೋಗಿ ತಿಂದವರಿಗೆ ಗೊತ್ತಿರುತ್ತದೆ. ಬಫೆಯವರು ಅದನ್ನೂ ಈ ಸಾಲಿಗೇ ಸೇರಿಸಿಕೊಂಡಿದ್ದಾರೆ.

ನಿಜ ಹೇಳಬೇಕೆಂದರೆ ಈ ಸಾಲಿನ ಮುಕ್ಕಾಲು ಪಾಲು ಚೀನಾದಲ್ಲಿ ಸಿಗುವುದಿಲ್ಲ. 18ನೇ ಶತಮಾನದ ಕೊನೆಯ ಹೊತ್ತಿಗೆ ಚೀನೀಯರು ಕೋಲ್ಕತ್ತಾ ಕಡೆ ಬಂದು ನೆಲೆಸತೊಡಗಿದರು. ಹಾಗೆ ಬಂದವರಲ್ಲಿ ಹಕ್ಕಾ ಜನ ಬಹಳ. ನಾವು ತಿನ್ನುವ ಹಕ್ಕಾ ನೂಡಲ್ಸಿಗೆ ಅವರದೇ ಹೆಸರು. ಅವರ ಅಡುಗೆಗೆ ನಮ್ಮ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಸೇರಿಕೊಂಡಿತು. ಕೋಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಚಿಕನ್ ಮಂಚೂರಿಯನ್ ಮೊದಲು ಮಾಡಿದರು ಅನ್ನುತ್ತಾರೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ನಮ್ಮ ಒಗ್ಗರಣೆಯದೇ, ಗರಂ ಮಸಾಲೆ ಬದಲು ಸೋಯಾ ಸಾಸ್ ಹಾಕಿದರು. ಹಾಗಾಗಿ "ಇದು ಅಸಲಿ ಚೈನೀಸಾ" ಅಂತ ತಲೆ ಕೆಡಿಸಿಕೊಳ್ಳಬೇಡಿ. ಇದು ನಮ್ಮ ದೇಶದಲ್ಲೇ ಹುಟ್ಟಿ ಬೆಳೆದ ಅಡುಗೆ, ಚೆನ್ನಾಗಿ ಮಾಡಿದ್ದಾರಾ ಅನ್ನುವುದಷ್ಟೇ ಪ್ರಶ್ನೆ.

ಎಂಜಲು ಕೈ, ಸೌಟು, ಹೊಸ ತಟ್ಟೆ

ಬಾಳೆಲೆ ಮುಂದೆ ಕೂತು ಬಡಿಸಿಕೊಂಡು ಉಂಡವರು ನಾವು. ಅಲ್ಲಿ ನಮ್ಮ ಕೈ ಸೌಟಿನ ಹತ್ತಿರ ಹೋಗುವುದಿಲ್ಲ. ಬಫೆಯಲ್ಲಿ ಎಲ್ಲರ ಕೈಯೂ ಅದೇ ಸೌಟನ್ನು ಹಿಡಿಯುತ್ತದೆ. ಸ್ಟಾರ್ಟರನ್ನು ಕೈಯಲ್ಲಿ ತಿನ್ನುವುದು ಸಹಜ, ತಪ್ಪೇನಿಲ್ಲ. ಆದರೆ ಎರಡನೇ ಸಲ ಎದ್ದಾಗ ಕೈ ತೊಳೆದುಕೊಂಡು ಹೋಗಿ. ಎಂಜಲು ತಟ್ಟೆಯನ್ನು ಟೇಬಲ್ ಮೇಲೇ ಬಿಟ್ಟು ಪ್ರತಿ ಸಲ ಹೊಸ ತಟ್ಟೆ ತೆಗೆದುಕೊಳ್ಳಿ. ಬಫೆಯಲ್ಲಿ ಅದು ದುಂದು ಅಲ್ಲ, ಅದೇ ಪದ್ಧತಿ. ಎಂಜಲು ತಟ್ಟೆಗೆ ಸೌಟು ತಗುಲಿ ಮತ್ತೆ ಪಾತ್ರೆಗೆ ಹೋದರೆ ಹಿಂದಿನವರ ಗತಿ ಏನು?

ಆ ಪಾತ್ರೆಯ ಸೌಟು ಆ ಪಾತ್ರೆಗೇ. ಸೀಗಡಿ ಗ್ರೇವಿಯ ಸೌಟು ತರಕಾರಿ ಗ್ರೇವಿಗೆ ಬಿದ್ದರೆ ಒಬ್ಬರ ವ್ರತ ಕೆಡಬಹುದು, ಇನ್ನೊಬ್ಬರಿಗೆ ಅಲರ್ಜಿಯಾಗಿ ಆಸ್ಪತ್ರೆ ಸೇರುವಂತಾಗಬಹುದು. ಸೀಗಡಿ, ಕಡಲೆಕಾಯಿ ಎರಡೂ ಜೋರು ಅಲರ್ಜಿ ತರುವ ಪದಾರ್ಥಗಳು. ಕುಂಗ್ ಪಾವ್ ಅನ್ನುವ ಐಟಂಗೆ ಕಡಲೆಕಾಯಿ ಬೀಜ ಹಾಕುತ್ತಾರೆ. ಗೋಧಿ ಆಗದವರು ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ ಅನ್ನುವುದನ್ನು ತಿಳಿದಿರಬೇಕು. ಮಕ್ಕಳ ತಟ್ಟೆಗೆ ದೊಡ್ಡವರೇ ಬಡಿಸಿ. ಪಾತ್ರೆಯ ಕೆಳಗೆ ಉರಿ ಇದೆ, ಮುಚ್ಚಳ ಸುಡುತ್ತದೆ.

ಲೈವ್ ಕೌಂಟರನ್ನು ಬಿಡಬೇಡಿ

ಇಡೀ ಬಫೆಯಲ್ಲಿ ನಿಜವಾದ ಬಾಣಲೆಯ ರುಚಿ ಸಿಗುವುದು ಇಲ್ಲಿ. ನಿಮ್ಮ ಮುಂದೆ ಉರಿ ಎದ್ದು, ಎಣ್ಣೆ ಕಾದು, ನೂಡಲ್ಸ್ ಹಾರಿ ಬಿದ್ದು, ಆ ಸಣ್ಣ ಹೊಗೆಯ ವಾಸನೆ ಸಮೇತ ತಟ್ಟೆಗೆ ಬರುತ್ತದೆ. ಆಗಲೇ ಮಾಡಿಟ್ಟ ನೂಡಲ್ಸಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಅಡುಗೆಯವರ ಜೊತೆ ಮಾತಾಡಿ. ಕ್ಯಾಬೇಜ್ ಕಮ್ಮಿ, ಬೀನ್ಸ್ ಜಾಸ್ತಿ, ಸ್ಪ್ರಿಂಗ್ ಆನಿಯನ್ ಕೊನೆಗೆ ಹಾಕಿ, ಸೋಯಾ ಅರ್ಧ ಹಾಕಿ ಅನ್ನಬಹುದು. ಟೇಸ್ಟಿಂಗ್ ಪೌಡರ್, ಅದೇ ಅಜಿನೊಮೊಟೊ, ಬೇಡ ಅಂದರೆ ಬಿಡುತ್ತಾರೆ. ಅದರ ಬಗ್ಗೆ ನಮ್ಮಲ್ಲಿ ಭಯ ಬಹಳ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲಪಾಚಿಯಿಂದ ಬೇರ್ಪಡಿಸಿದ ರುಚಿ ಅದು. ಅದರ ಮೂಲವಾದ ಗ್ಲುಟಮೇಟ್ ಟೊಮೇಟೊದಲ್ಲೂ ಇದೆ. ಮಿತಿಯಲ್ಲಿ ತಿಂದರೆ ದೊಡ್ಡವರು ಹೆದರಬೇಕಾಗಿಲ್ಲ, ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಬೇಡ. ನಾನು ಇನ್ನೂ ಜಾಸ್ತಿ ಯೋಚಿಸುವುದು ಉಪ್ಪಿನ ಬಗ್ಗೆ. ಒಂದು ದೊಡ್ಡ ಚಮಚ ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ದಿನಕ್ಕೆ 2000 ಮಿಲಿಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಮನೆಯಲ್ಲಿ ಬಿಪಿ ಮಾತ್ರೆ ತೆಗೆದುಕೊಳ್ಳುವ ಅಪ್ಪ ಅಮ್ಮ ಇದ್ದರೆ ಅವರ ನೂಡಲ್ಸನ್ನು ಲೈವ್ ಕೌಂಟರಿನಲ್ಲೇ ಸೋಯಾ ಕಮ್ಮಿ ಹಾಕಿಸಿ ಮಾಡಿಸಿ. ಟೇಬಲ್ ಮೇಲಿನ ಸಾಸ್ ಬಾಟಲಿಯನ್ನು ಸ್ವಲ್ಪ ದೂರ ಸರಿಸಿ. ಶುಗರ್ ಇರುವವರು ಸ್ವೀಟ್ ಅಂಡ್ ಸೋರ್, ಹನಿ ಅನ್ನುವ ಹೆಸರಿನವನ್ನು ಒಂದು ತುಂಡಿಗೆ ನಿಲ್ಲಿಸಬೇಕು, ಅವುಗಳಲ್ಲಿ ಸಕ್ಕರೆ ಚೆನ್ನಾಗಿಯೇ ಇರುತ್ತದೆ.

ಅನ್ನ, ನೂಡಲ್ಸ್, ಗ್ರೇವಿ

ಅನ್ನ ಇಲ್ಲದೆ ಊಟ ಮುಗಿಯುವುದಿಲ್ಲ ಅನ್ನುವವರು ಬರೀ ಬಿಳಿ ಅನ್ನ ಇದೆಯಾ ಅಂತ ಕೇಳಿ. ಗ್ರೇವಿಯ ರುಚಿ ಸರಿಯಾಗಿ ಗೊತ್ತಾಗುವುದು ಬಿಳಿ ಅನ್ನದ ಜೊತೆಗೇ. ಫ್ರೈಡ್ ರೈಸಿನಲ್ಲೂ ಉಪ್ಪು, ಸೋಯಾ, ಗ್ರೇವಿಯಲ್ಲೂ ಉಪ್ಪು, ಸೋಯಾ, ಎರಡೂ ಸೇರಿದರೆ ಬಾಯಿ ಒಣಗುತ್ತದೆ. ಒಂದು ಸಲಕ್ಕೆ ಒಂದೇ ಗ್ರೇವಿ ಹಾಕಿಕೊಳ್ಳಿ. ಶೆಜ್ವಾನ್, ಹಾಟ್ ಗಾರ್ಲಿಕ್, ಮಂಚೂರಿ ಮೂರನ್ನೂ ಒಂದೇ ತಟ್ಟೆಗೆ ಸುರಿದುಕೊಂಡರೆ ಯಾವುದು ಯಾವುದೋ ಗೊತ್ತಾಗದೆ ಹೋಗುತ್ತದೆ. ಶೆಜ್ವಾನ್ ಅಂದರೆ ನಮ್ಮಲ್ಲಿ ಒಣಮೆಣಸಿನಕಾಯಿ, ಬೆಳ್ಳುಳ್ಳಿ ಅರೆದ ಸಾಸ್. ಚೀನಾದ ಸಿಚುವಾನ್ ಪ್ರಾಂತ್ಯದ ಅಡುಗೆಯಲ್ಲಿ ನಾಲಿಗೆ ಜುಮ್ಮೆನ್ನಿಸುವ ಬೇರೆಯೇ ಒಂದು ಮೆಣಸು ಇರುತ್ತದೆ, ನಮ್ಮ ಸಾಸಿನಲ್ಲಿ ಅದು ಅಪರೂಪ. ಖಾರ ತಡೆಯದವರು ಇದನ್ನು ಬದಿಯಲ್ಲಿ ಒಂದು ಚಮಚ ಹಾಕಿಕೊಂಡು ನಂಚಿಕೊಳ್ಳಿ.

ಚಾಪ್‌ಸ್ಟಿಕ್ ಇಟ್ಟಿದ್ದರೆ ಮಕ್ಕಳ ಜೊತೆ ಒಮ್ಮೆ ಪ್ರಯತ್ನಿಸಿ. ಕೆಳಗಿನ ಕಡ್ಡಿಯನ್ನು ಹೆಬ್ಬೆರಳಿನ ಸಂದಿಯಲ್ಲಿ ಕೂರಿಸಿ ಉಂಗುರದ ಬೆರಳಿನ ಮೇಲೆ ಆನಿಸಿ, ಅದು ಅಲ್ಲಾಡಬಾರದು. ಮೇಲಿನದನ್ನು ಪೆನ್ನು ಹಿಡಿದ ಹಾಗೆ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿನಲ್ಲಿ ಹಿಡಿದು ಅದನ್ನಷ್ಟೇ ಆಡಿಸಿ. ಬೇಬಿ ಕಾರ್ನ್‌ನಿಂದ ಶುರು ಮಾಡಿ, ನೂಡಲ್ಸ್ ಆಮೇಲೆ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಡಬೇಡಿ, ಚೀನಾದಲ್ಲಿ ಸತ್ತವರ ಮುಂದೆ ಹಚ್ಚಿಡುವ ಊದುಬತ್ತಿಯ ನೆನಪು ತರುವ ಕಾರಣ ಅದನ್ನು ಅಶುಭ ಅನ್ನುತ್ತಾರೆ. ಕೈಗೆ ಒಗ್ಗದಿದ್ದರೆ ಫೋರ್ಕ್ ಇದ್ದೇ ಇದೆ.

ಸಿಹಿಯಲ್ಲಿ ದರ್ಸಾನ್ ಇದ್ದರೆ ತಿನ್ನಿ. ಕರಿದ ಹಿಟ್ಟಿನ ಪಟ್ಟಿಗಳಿಗೆ ಜೇನು, ಎಳ್ಳು ಹಾಕಿ ಐಸ್‌ಕ್ರೀಮ್ ಜೊತೆ ಕೊಡುತ್ತಾರೆ. ಜಾಮೂನು ಮನೆಯಲ್ಲೂ ಸಿಗುತ್ತದೆ.

ತಟ್ಟೆಯಲ್ಲಿ ಬಿಟ್ಟರೆ

ಹಾಕಿಕೊಂಡದ್ದನ್ನು ಬಿಡಬೇಡಿ. ಮಿಕ್ಕಿದ್ದಕ್ಕೆ ದುಡ್ಡು ಹಾಕುವ ಹೋಟೆಲುಗಳೂ ಇವೆ. ಹಾಕದಿದ್ದರೂ, ಅನ್ನದ ಬೆಲೆ ಗೊತ್ತಿರುವ ರೈತರ ಜಿಲ್ಲೆ ಇದು. ಬಫೆಯಿಂದ ಪಾರ್ಸಲ್ ಕೊಡುವುದಿಲ್ಲ, ಕೇಳಿ ಮುಜುಗರ ಮಾಡಿಕೊಳ್ಳಬೇಡಿ. ಮಕ್ಕಳ ತಟ್ಟೆಯಲ್ಲೇ ಜಾಸ್ತಿ ಉಳಿಯುವುದು, ಅದಕ್ಕೇ ಅವರಿಗೆ ಚಮಚದ ಲೆಕ್ಕದಲ್ಲಿ ಬಡಿಸಿ.

ಬಿಲ್ ಬಂದಾಗ

ಕಾರ್ಡ್ ಅಥವಾ ಫೋನ್ ತೆಗೆಯುವ ಮುಂಚೆ ಬಿಲ್ ಓದಿ. ಎಷ್ಟು ಜನ, ಎಷ್ಟು ಮಕ್ಕಳು ಅನ್ನುವುದು ಸರಿ ಇದೆಯಾ ನೋಡಿ. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ 5%, ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ. ರೂಮಿನ ಬಾಡಿಗೆ ದಿನಕ್ಕೆ 7,500 ರೂಪಾಯಿಗಿಂತ ಜಾಸ್ತಿ ಇರುವ ದೊಡ್ಡ ಹೋಟೆಲಿನ ಒಳಗಿನ ರೆಸ್ಟೋರೆಂಟ್ ಆದರೆ 18%. ರೆಸಾರ್ಟುಗಳಲ್ಲಿ ಊಟ ಮಾಡುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಸರ್ವೀಸ್ ಚಾರ್ಜ್ ಅಂತ ಬೇರೆ ಸಾಲು ಇದ್ದರೆ ತೆಗೆಸಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಇದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದು ಅಂದಿದೆ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಚೆನ್ನಾಗಿ ನೋಡಿಕೊಂಡ ಹುಡುಗನಿಗೆ ನಿಮ್ಮ ಮನಸ್ಸಿಗೆ ಬಂದಷ್ಟು ಕೈಯಲ್ಲಿ ಕೊಡಿ, ಅದು ಬೇರೆ ಮಾತು. ನೀರಿನ ಬಾಟಲಿ ನೀವು ಕೇಳದೆ ಟೇಬಲ್ ಮೇಲೆ ಇಟ್ಟಿದ್ದರೆ, ಮಾಮೂಲಿ ನೀರು ಕೊಡಿ ಅಂತ ಕೂತ ಕೂಡಲೇ ಹೇಳಬೇಕಿತ್ತು. ಮುಚ್ಚಳ ತೆಗೆದ ಮೇಲೆ ಬಿಲ್ಲಿಗೆ ಬರುತ್ತದೆ.

ಬಿಲ್ಲಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೋಟೆಲಿಗೆ ಕೊಟ್ಟ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು, 2022ರ ಜನವರಿಯಿಂದ ಇದು ಕಡ್ಡಾಯ. ಬಿಲ್ಲಿನ ಒಂದು ಫೋಟೋ ತೆಗೆದು ಮರುದಿನದವರೆಗಾದರೂ ಇಟ್ಟುಕೊಳ್ಳಿ. ಅವತ್ತು ರಾತ್ರಿ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ವಾಂತಿ, ಭೇದಿ ಶುರುವಾದರೆ ಓಆರ್‌ಎಸ್ ಕೊಟ್ಟು ಡಾಕ್ಟರಿಗೆ ತೋರಿಸಿ, ಯಾರು ಏನು ತಿಂದಿದ್ದರು ಅನ್ನುವುದನ್ನು ಬರೆದಿಡಿ. ಆಹಾರ ಸುರಕ್ಷತಾ ಅಧಿಕಾರಿಗೋ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್ ಮೂಲಕವೋ ದೂರು ಕೊಡುವಾಗ ಆ ನಂಬರ್, ದಿನಾಂಕ, ಹೊತ್ತು ಮೂರೂ ಕೇಳುತ್ತಾರೆ, ಮೂರೂ ಬಿಲ್ಲಿನಲ್ಲೇ ಇರುತ್ತವೆ.